ಆಟದ ಗಣಕದಲ್ಲಿ ಚಲನೆಯ ನಿಯಮ: ವಿಡಿಯೋ ಆಟಗಳ ಭೌತಯಂತ್ರಗಳ ಚರಿತ್ರೆಯನ್ನು ಕುರಿತು

೧

ಬೀಳಗಿ ತಾಲ್ಲೂಕಿನ ಗಲಗಲಿಯು ಕೃಷ್ಣಾ ನದಿಯ ದಂಡೆಯ ಮೇಲಿರುವ ಊರು. ಅಲ್ಲಿಯ ಹುಡುಗನೊಬ್ಬನು ಚಪ್ಪಟೆಯಾದ ಕಲ್ಲೊಂದನ್ನು ಆಯ್ದು ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದರೆ ಅದು ಮೂರು ನಾಲ್ಕು ಬಾರಿ ಪುಟಿದು ಮುಳುಗುತ್ತದೆ. ಕಲ್ಲು ಎಷ್ಟು ದೂರ ಸಾಗಬೇಕು, ಎಷ್ಟು ಸಲ ಪುಟಿಯಬೇಕು ಎಂಬುದನ್ನು ಹುಡುಗನು ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವನ್ನು ನಿಸರ್ಗವೇ ನೋಡಿಕೊಳ್ಳುತ್ತದೆ. ಬುಗುರಿ, ಗೋಲಿ, ಚಿನ್ನಿದಾಂಡು ಮೊದಲಾದ ನಮ್ಮ ಬಯಲಾಟಿಕೆಗಳೆಲ್ಲವೂ ಇದೇ ಬಗೆಯವು. ಆಟದ ಕಟ್ಟಳೆಯನ್ನು ಮನುಷ್ಯನು ಮಾಡುತ್ತಾನೆ; ಚಲನೆಯ ಕಟ್ಟಳೆಯು ಅವನಿಗೆ ಮೊದಲೇ ಸಿದ್ಧವಾಗಿ ದೊರೆಯುತ್ತದೆ.

ವಿಡಿಯೋ ಆಟದಲ್ಲಿ ಈ ಅನುಕೂಲವಿಲ್ಲ. ತೆರೆಯ ಮೇಲೆ ಕಾಣುವ ಚೆಂಡಿಗೆ ತೂಕವಿಲ್ಲ, ನೆಲಕ್ಕೆ ಗಡಸುತನವಿಲ್ಲ, ಗೋಡೆಗೆ ತಡೆಯುವ ಶಕ್ತಿಯಿಲ್ಲ. ಬೀಳಬೇಕೆಂದು ಯಾರಾದರೂ ವಿಧಿಸದಿದ್ದರೆ ಆ ಚೆಂಡು ಎಂದಿಗೂ ಬೀಳುವುದಿಲ್ಲ. ನಿಲ್ಲಬೇಕೆಂದು ವಿಧಿಸದಿದ್ದರೆ ನೆಲವನ್ನು ಹಾದು ಕೆಳಗಿಳಿದುಹೋಗುತ್ತದೆ. ಹೀಗೆ ವಸ್ತುಗಳಿಗೆ ಚಲನೆಯನ್ನೂ ಘರ್ಷಣೆಯನ್ನೂ ವಿಧಿಸುವ ಕ್ರಮವಿಧಿಯ ಭಾಗಕ್ಕೆ ‘ಫಿಸಿಕ್ಸ್ ಎಂಜಿನ್’ ಎಂಬ ಹೆಸರು ರೂಢಿಯಲ್ಲಿದೆ. ಪ್ರಕೃತ ಲೇಖನದಲ್ಲಿ ಅದನ್ನು ‘ಭೌತಯಂತ್ರ’ ಎಂದು ಕರೆಯೋಣ.

ಈ ಭೌತಯಂತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ನಿಸರ್ಗದ ಅನುಕರಣವು ದಿನೇ ದಿನೇ ಪರಿಪೂರ್ಣವಾಗುತ್ತ ಬಂದ ಕಥೆಯೆಂಬಂತೆ ನಿರೂಪಿಸುವುದುಂಟು. ದೊರೆತಿರುವ ಆಧಾರಗಳನ್ನು ಪರಿಶೀಲಿಸಿದರೆ ಬೇರೊಂದು ಅಭಿಪ್ರಾಯಕ್ಕೆ ಎಡೆಯಾಗುತ್ತದೆ. ಯಂತ್ರದ ಶಕ್ತಿ ಪರಿಮಿತವಾದುದರಿಂದ ಪ್ರತಿಯೊಂದು ಕಾಲದ ರಚನಕಾರರೂ ನಿಸರ್ಗದ ಯಾವ ನಿಯಮವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಣಯಿಸಬೇಕಾಯಿತು. ಆ ನಿರ್ಣಯಗಳ ಪರಂಪರೆಯೇ ಈ ವಿಷಯದ ನಿಜವಾದ ಚರಿತ್ರೆ. ಇದನ್ನು ಕೆಲವು ನಿದರ್ಶನಗಳಿಂದ ಸಮರ್ಥಿಸಿ, ಕರ್ಣಾಟಕಕ್ಕೆ ಈ ಚರಿತ್ರೆಯಲ್ಲಿರುವ ಸ್ಥಾನವನ್ನು ಸೂಚಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ವಿಧಾನವನ್ನು ಕುರಿತು ಒಂದು ಮಾತು. ಚಲಿಸುವ ವಸ್ತುವಿನ ಇಡೀ ಪಥವನ್ನು ಒಂದೇ ಸೂತ್ರದಿಂದ ಪಡೆಯುವುದು ಸರಳ ಸಂದರ್ಭಗಳಲ್ಲಿ ಮಾತ್ರ ಸಾಧ್ಯ. ಆದುದರಿಂದ ಭೌತಯಂತ್ರವು ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ಒಂದು ಸೆಕೆಂಡಿನ ೬೦ನೆಯ ಒಂದು ಭಾಗ ಅಂತಹ ಒಂದು ತುಣುಕೆಂದು ತಿಳಿಯಬಹುದು. ಪ್ರತಿಯೊಂದು ತುಣುಕಿನಲ್ಲಿಯೂ ವಸ್ತುವಿನ ಮೇಲೆ ಬೀಳುವ ಬಲವನ್ನು ನೋಡಿ ವೇಗವನ್ನು ತಿದ್ದುವುದು, ತಿದ್ದಿದ ವೇಗದಿಂದ ಸ್ಥಾನವನ್ನು ಬದಲಾಯಿಸುವುದು, ಮತ್ತೆ ಅದನ್ನೇ ಪುನರಾವರ್ತಿಸುವುದು. ಇಷ್ಟೇ ಅದರ ಕಾರ್ಯಕ್ರಮ.

ಹೀಗೆ ಅಂತರಗಳ ಮೂಲಕ ಮುಂದಿನ ಬೆಲೆಯನ್ನು ಪಡೆಯುವ ವಿಧಾನ ಭಾರತೀಯ ಗಣಿತಕ್ಕೆ ಹೊಸದಲ್ಲ. ಕ್ರಿ. ಶ. ೪೯೯ರ ಆರ್ಯಭಟೀಯದಲ್ಲಿ ಜ್ಯಾಗಳ ಕೋಷ್ಟಕವನ್ನು ರಚಿಸುವ ಕ್ರಮ ಉಕ್ತವಾಗಿದೆ. ವೃತ್ತಪಾದವನ್ನು ೨೪ ಸಮಭಾಗ ಮಾಡಿದಾಗ ಮೊದಲನೆಯ ಜ್ಯಾ ೨೨೫. ಮುಂದಿನ ಪ್ರತಿಯೊಂದು ಅಂತರವನ್ನು ಪಡೆಯಲು ಹಿಂದಿನ ಅಂತರದಿಂದ, ಅಲ್ಲಿಯವರೆಗೆ ದೊರೆತ ಜ್ಯಾವನ್ನು ೨೨೫ರಿಂದ ಭಾಗಿಸಿ ಬಂದ ಫಲವನ್ನು ಕಳೆಯಬೇಕು. ಹೀಗೆ ಮಾಡುತ್ತ ಹೋದರೆ ೨೨೫, ೨೨೪, ೨೨೨, ೨೧೯, ೨೧೫ ಎಂದು ಅಂತರಗಳು ಕ್ರಮವಾಗಿ ಕುಗ್ಗುತ್ತವೆ. ಅವನ್ನು ಕೂಡಿಸಿದರೆ ೨೨೫, ೪೪೯, ೬೭೧, ೮೯೦, ೧೧೦೫ ಎಂಬ ಜ್ಯಾಗಳು ದೊರೆಯುತ್ತವೆ. ಇದನ್ನು ಚಲನೆಯ ಭಾಷೆಯಲ್ಲಿ ಹೇಳುವುದಾದರೆ, ವಸ್ತುವು ಕೇಂದ್ರದಿಂದ ಎಷ್ಟು ದೂರ ಸರಿದಿದೆಯೋ ಅದಕ್ಕೆ ತಕ್ಕಷ್ಟು ಅದರ ಮುಂದಿನ ಹೆಜ್ಜೆ ಚಿಕ್ಕದಾಗುತ್ತದೆ. ತೂಗಾಡುವ ಸ್ಪ್ರಿಂಗಿನ ಚಲನೆಯೂ ಇದೇ. ಇಂದಿನ ಕ್ರಮವಿಧಿಕಾರನು ಸ್ಪ್ರಿಂಗಿಗಾಗಿ ಬರೆಯುವ ಸಾಲಿಗೂ ಈ ನಿಯಮಕ್ಕೂ ರೂಪದಲ್ಲಿ ಭೇದವಿಲ್ಲ.

ಇದರಿಂದ ವಿಡಿಯೋ ಆಟದ ಮೂಲವು ಆರ್ಯಭಟನಲ್ಲಿದೆಯೆಂದು ಹೇಳಹೊರಡುವುದು ಅವಿವೇಕ. ಒಂದರಿಂದ ಮತ್ತೊಂದಕ್ಕೆ ಸಂಪ್ರದಾಯದ ಸಂಬಂಧವೇನೂ ಇಲ್ಲ. ಇಲ್ಲಿರುವುದು ವಿಧಾನದ ಸಾಮ್ಯ ಮಾತ್ರ. ಆದರೆ ಆ ಸಾಮ್ಯ ನಿಜವಾದುದು. ಕೈಯಿಂದ ಲೆಕ್ಕ ಮಾಡುವ ಜ್ಯೋತಿಷಿಗೂ, ಗುಣಾಕಾರವನ್ನು ಸುಲಭವಾಗಿ ಮಾಡಲಾರದ ಹಳೆಯ ಗಣಕಯಂತ್ರಕ್ಕೂ ಇದ್ದ ಕಷ್ಟ ಒಂದೇ. ಆದುದರಿಂದ ಇಬ್ಬರೂ ಹಿಡಿದ ದಾರಿಯೂ ಒಂದೇ ಆಯಿತು.

೩

ವಿಡಿಯೋ ಆಟಗಳ ಚರಿತ್ರೆಯಲ್ಲಿ ಚಲನೆಯ ನಿಯಮವನ್ನು ಅಳವಡಿಸಿಕೊಂಡ ಮೊದಲ ಪ್ರಸಿದ್ಧ ನಿದರ್ಶನ ೧೯೫೮ರ ಅಕ್ಟೋಬರಿನದು. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಅವರು ಸಂದರ್ಶಕರ ವಿನೋದಕ್ಕಾಗಿ ‘ಟೆನಿಸ್ ಫಾರ್ ಟೂ’ ಎಂಬ ಆಟವನ್ನು ಯೋಜಿಸಿದರು. ಅಲ್ಲಿದ್ದ ಅನಲಾಗ್ ಗಣಕಯಂತ್ರದ ಕೈಪಿಡಿಯಲ್ಲಿ ಪುಟಿಯುವ ಚೆಂಡಿನ ಪಥವನ್ನೂ ಕ್ಷಿಪಣಿಯ ಪಥವನ್ನೂ ತೋರಿಸುವ ವಿವರಣೆಯಿತ್ತು. ಆಟವು ಅದರಿಂದಲೇ ಹುಟ್ಟಿತು. ಆಸಿಲೋಸ್ಕೋಪಿನ ಸಣ್ಣ ತೆರೆಯ ಮೇಲೆ ಚೆಂಡು ಬಲೆಯನ್ನು ದಾಟಿ, ಗುರುತ್ವಾಕರ್ಷಣಕ್ಕೆ ಒಳಗಾಗಿ ಬಾಗಿ ಬೀಳುತ್ತಿತ್ತು. ಮರುವರ್ಷದ ಆವೃತ್ತಿಯಲ್ಲಿ ಚಂದ್ರನ ಮತ್ತು ಗುರುಗ್ರಹದ ಆಕರ್ಷಣವನ್ನು ಆರಿಸಿಕೊಳ್ಳಲೂ ಅವಕಾಶವಿತ್ತು. ಇಲ್ಲಿ ಕಾಲವನ್ನು ತುಣುಕು ಮಾಡುವ ಪ್ರಸಂಗವೇ ಇಲ್ಲ. ವಿದ್ಯುತ್ ಒತ್ತಡದ ಏರಿಳಿತವೇ ಚೆಂಡಿನ ಏರಿಳಿತವಾಗಿತ್ತು. ಪ್ರದರ್ಶನ ಮುಗಿದ ಮೇಲೆ ಯಂತ್ರದ ಭಾಗಗಳನ್ನು ಬಿಚ್ಚಿ ಬೇರೆ ಕೆಲಸಗಳಿಗೆ ಬಳಸಿಕೊಂಡರು.

ಅಂಕಗಣಕದಲ್ಲಿ ಚಲನೆಯನ್ನು ವಿಧಿಸಿದ ಮಹತ್ತ್ವದ ಆಟವೆಂದರೆ ೧೯೬೨ರ ‘ಸ್ಪೇಸ್‌ವಾರ್’. ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದ ಪಿಡಿಪಿ-೧ ಎಂಬ ಗಣಕಯಂತ್ರಕ್ಕಾಗಿ ಸ್ಟೀವ್ ರಸೆಲ್ ಅವರು ಇದರ ಮುಖ್ಯಭಾಗವನ್ನು ರಚಿಸಿದರು. ನೌಕೆಯನ್ನು ತಿರುಗಿಸಲು ಅವಶ್ಯವಾದ ಜ್ಯಾ ಮತ್ತು ಕೋಟಿಜ್ಯಾಗಳ ಲೆಕ್ಕವು ದೊರೆಯದೆ ಕೆಲಸ ತಡವಾಗುತ್ತಿದ್ದಾಗ, ಅವರ ಸಂಗಡಿಗರಾದ ಅಲನ್ ಕೋಟಾಕ್ ಯಂತ್ರವನ್ನು ತಯಾರಿಸಿದ ಸಂಸ್ಥೆಗೇ ಹೋಗಿ ಆ ಕ್ರಮವಿಧಿಯನ್ನು ತಂದುಕೊಟ್ಟರೆಂದು ತಿಳಿದುಬರುತ್ತದೆ. ತೆರೆಯ ನಡುವಿನ ನಕ್ಷತ್ರವನ್ನೂ ಅದರ ಆಕರ್ಷಣವನ್ನೂ ಸೇರಿಸಿದವರು ಡ್ಯಾನ್ ಎಡ್ವರ್ಡ್ಸ್. ಆದರೆ ಎರಡು ನೌಕೆಗಳಿಗೆ ಆಕರ್ಷಣದ ಲೆಕ್ಕ ಮಾಡುವುದರಲ್ಲಿಯೇ ಯಂತ್ರದ ಸಾಮರ್ಥ್ಯವೆಲ್ಲ ವ್ಯಯವಾಗುತ್ತಿತ್ತು. ಆದುದರಿಂದ ನೌಕೆಗಳು ಹಾರಿಸುವ ಟಾರ್ಪೆಡೋಗಳನ್ನು ಆಕರ್ಷಣದಿಂದ ಮುಕ್ತಗೊಳಿಸಿ ನೇರವಾಗಿ ಹೋಗಲು ಬಿಟ್ಟರು. ಒಂದೇ ಆಕಾಶದಲ್ಲಿ ನೌಕೆಗೆ ಒಂದು ನಿಯಮ, ಅಸ್ತ್ರಕ್ಕೆ ಮತ್ತೊಂದು! ಭೌತಶಾಸ್ತ್ರದ ದೃಷ್ಟಿಯಿಂದ ಇದು ಅಸಂಬದ್ಧ. ಆಟದ ದೃಷ್ಟಿಯಿಂದ ಸುಸಂಬದ್ಧ. ನಾವು ಮೇಲೆ ಹೇಳಿದ ನಿರ್ಣಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮನುಷ್ಯನು ಚಂದ್ರನ ಮೇಲೆ ಇಳಿದ ೧೯೬೯ರಲ್ಲಿಯೇ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ಜಿಮ್ ಸ್ಟೋರರ್ ಎಂಬ ತರುಣನು ಪಿಡಿಪಿ-೮ ಗಣಕಯಂತ್ರಕ್ಕಾಗಿ ಚಂದ್ರಾವತರಣದ ಆಟವೊಂದನ್ನು ಬರೆದನು. ಇದರಲ್ಲಿ ಚಿತ್ರವಿಲ್ಲ, ಎತ್ತರ, ವೇಗ, ಉಳಿದ ಇಂಧನ ಇವುಗಳ ಅಂಕಿಗಳು ಮಾತ್ರ ಕಾಗದದ ಮೇಲೆ ಮುದ್ರಿತವಾಗುತ್ತಿದ್ದವು. ಇಂಧನ ಉರಿದಂತೆ ನೌಕೆಯ ತೂಕ ಇಳಿಯುವುದನ್ನೂ ಗಣನೆಗೆ ತೆಗೆದುಕೊಂಡಿದ್ದುದು ಅದರ ವೈಶಿಷ್ಟ್ಯ. ಈ ಕ್ರಮವಿಧಿಯ ಪಾಠವು ಅಚ್ಚಿನಲ್ಲಿ ಉಳಿದುಬಂದಿತು. ಅದನ್ನು ೨೦೨೪ರಲ್ಲಿ ಒಬ್ಬ ತಂತ್ರಾಂಶಶಿಲ್ಪಿಯು ಸಾಲುಸಾಲಾಗಿ ಪರೀಕ್ಷಿಸಿದಾಗ, ಒಂದು ಸೂತ್ರದಲ್ಲಿ ಎರಡರಿಂದ ಭಾಗಿಸಬೇಕಾದ ಕಡೆ ಭಾಗಿಸದೆ ಬಿಟ್ಟಿರುವುದು ೫೫ ವರ್ಷಗಳ ಮೇಲೆ ಬೆಳಕಿಗೆ ಬಂದಿತು. ಪಾಠ ಉಳಿಯದಿದ್ದರೆ ಈ ಶೋಧ ಸಾಧ್ಯವೇ ಇರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಲೇಖನದ ಕೊನೆಯಲ್ಲಿ ಇದರಿಂದ ನಮಗೆ ಪ್ರಯೋಜನವಿದೆ.

೪

ಇನ್ನು ನಿಸರ್ಗದ ನಿಯಮವನ್ನು ಬೇಕೆಂದೇ ಬಿಟ್ಟುಕೊಟ್ಟ ಪಂಥವೊಂದುಂಟು. ಅಟಾರಿ ಸಂಸ್ಥೆಯ ‘ಪಾಂಗ್’ ಆಟ ೧೯೭೨ರಲ್ಲಿ ಹೊರಬಂದಿತು. ರಚಿಸಿದವರು ಅಲನ್ ಆಲ್ಕಾರ್ನ್. ಅದರಲ್ಲಿ ಗಣಕಯಂತ್ರವೇ ಇರಲಿಲ್ಲ, ತರ್ಕಮಂಡಲಗಳು ಮಾತ್ರ ಇದ್ದವು. ಬೆಳಕಿನ ಪ್ರತಿಫಲನದಂತೆ ಚೆಂಡು ಬಂದ ಕೋನದಲ್ಲಿಯೇ ಹಿಂದಿರುಗುವುದಾದರೆ ಆಟಗಾರನಿಗೆ ಮಾಡಲು ಹೆಚ್ಚಿನ ಕೆಲಸವೇ ಇರುವುದಿಲ್ಲ. ಆದುದರಿಂದ ಆಲ್ಕಾರ್ನ್ ಅವರು ದಾಂಡನ್ನು ಎಂಟು ಭಾಗ ಮಾಡಿ, ಚೆಂಡು ಯಾವ ಭಾಗಕ್ಕೆ ತಗಲುವುದೋ ಅದಕ್ಕೆ ತಕ್ಕಂತೆ ಹಿಂದಿರುಗುವ ಕೋನವನ್ನು ಗೊತ್ತುಪಡಿಸಿದರು. ಹೊಡೆತಗಳು ಹೆಚ್ಚಿದಂತೆ ವೇಗವೂ ಹೆಚ್ಚುವಂತೆ ಮಾಡಿದರು. ಇದಾವುದೂ ನಿಸರ್ಗದಲ್ಲಿಲ್ಲ. ಆದರೆ ಆಟಗಾರನ ಕೈಚಳಕಕ್ಕೆ ಬೆಲೆ ಬಂದದ್ದು ಈ ಕೃತಕ ನಿಯಮದಿಂದಲೇ.

ಜಪಾನಿನ ನಿಂಟೆಂಡೋ ಸಂಸ್ಥೆಯ ‘ಸೂಪರ್ ಮಾರಿಯೋ ಬ್ರದರ್ಸ್’ (೧೯೮೫) ಈ ಪಂಥದ ಶ್ರೇಷ್ಠ ಕೃತಿಯೆನ್ನಬಹುದು. ಅದು ನಡೆಯುತ್ತಿದ್ದ ಯಂತ್ರದ ಕೆಲಸದ ಸ್ಮೃತಿಸ್ಥಾನ ಎರಡು ಕಿಲೋಬೈಟ್ ಮಾತ್ರ. ಸಂಸ್ಕಾರಕಕ್ಕೆ ಗುಣಾಕಾರದ ಆಜ್ಞೆಯೇ ಇರಲಿಲ್ಲ. ಇಂತಹ ಯಂತ್ರದಲ್ಲಿ ಕೂಡುವುದು ಕಳೆಯುವುದರಿಂದಲೇ ನಾಯಕನ ಓಟಕ್ಕೆ ಜಡತ್ವವನ್ನೂ ನೆಗೆತಕ್ಕೆ ಬಾಗನ್ನೂ ತಂದರು. ನೆಗೆಯುವಾಗ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಗುರುತ್ವ ಕಡಿಮೆ, ಬಿಟ್ಟೊಡನೆ ಹೆಚ್ಚು. ನೆಲ ಬಿಟ್ಟ ಮೇಲೂ ಗಾಳಿಯಲ್ಲಿ ಹಿಂದೆ ಮುಂದೆ ಸರಿಯಬಹುದು. ನ್ಯೂಟನ್ನನ ನಿಯಮಗಳಿಗೆ ಇದು ನೇರವಾಗಿ ವಿರುದ್ಧ. ಹಾಗಿದ್ದೂ ಆಡಿದವರೆಲ್ಲರೂ ಆ ನೆಗೆತ ಸಹಜವಾಗಿದೆಯೆಂದೇ ಹೇಳುವರು. ಇದರಿಂದ ವ್ಯಕ್ತವಾಗುವುದೇನೆಂದರೆ, ಆಟದಲ್ಲಿ ಸಹಜತೆಯೆಂಬುದು ನಿಸರ್ಗದೊಡನೆ ಹೊಂದಿಕೆಯಲ್ಲ; ಆಟಗಾರನ ಇಚ್ಛೆಗೂ ತೆರೆಯ ಮೇಲಿನ ಪರಿಣಾಮಕ್ಕೂ ಇರುವ ಹೊಂದಿಕೆ.

೫

ಮೇಲೆ ಹೇಳಿದ ಆಟಗಳಲ್ಲೆಲ್ಲ ಚಲನೆಯ ನಿಯಮವನ್ನು ಆಯಾ ಆಟಕ್ಕೆಂದೇ ಹೊಸದಾಗಿ ಬರೆದಿದ್ದರು. ಯಾವ ಆಟಕ್ಕಾದರೂ ಒದಗುವ ಸಾಮಾನ್ಯ ಭೌತಯಂತ್ರದ ಆಸೆ ಬಲವಾದುದು ೧೯೯೦ರ ದಶಕದಲ್ಲಿ. ೧೯೯೮ರ ‘ಟ್ರೆಸ್‌ಪಾಸರ್’ ಎಂಬ ಆಟದಲ್ಲಿ ಭೌತವಿಜ್ಞಾನದಲ್ಲಿ ಶಿಕ್ಷಣ ಪಡೆದಿದ್ದ ಸೀಮಸ್ ಬ್ಲಾಕ್ಲೀ ಅವರ ನೇತೃತ್ವದಲ್ಲಿ ಪ್ರತಿಯೊಂದು ವಸ್ತುವಿಗೂ ತೂಕ, ಘರ್ಷಣೆ, ಉರುಳುವಿಕೆಗಳನ್ನು ಕೊಡುವ ಪ್ರಯತ್ನ ನಡೆಯಿತು. ಅಂದಿನ ಗಣಕಯಂತ್ರಗಳಿಗೆ ಅದು ಮೀರಿದ ಹೊರೆಯಾಗಿ ಆಟವು ಕುಂಟಿತು, ವ್ಯಾಪಾರದಲ್ಲಿಯೂ ಸೋತಿತು. ಆದರೂ ಮುಂದಿನವರಿಗೆ ಅದು ದಾರಿ ತೋರಿಸಿತು. ಅದೇ ವರ್ಷ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹ್ಯಾವಕ್ ಸಂಸ್ಥೆ ಸ್ಥಾಪಿತವಾಗಿ, ಭೌತಯಂತ್ರವನ್ನೇ ಪ್ರತ್ಯೇಕ ಸರಕಾಗಿ ಇತರ ರಚನಕಾರರಿಗೆ ಒದಗಿಸತೊಡಗಿತು. ೨೦೦೪ರ ‘ಹಾಫ್-ಲೈಫ್ ೨’ ಆಟವು ಹ್ಯಾವಕ್ಕನ್ನು ಮಾರ್ಪಡಿಸಿ ಬಳಸಿಕೊಂಡಿತು. ಅದರಲ್ಲಿ ಹಲಗೆಯ ಒಂದು ತುದಿಗೆ ಕಲ್ಲುಗಳನ್ನು ಹೇರಿ ಇನ್ನೊಂದು ತುದಿಯ ಮೇಲೇರಿ ಮುಂದೆ ಸಾಗಬೇಕಾದ ಪ್ರಸಂಗವಿದೆ. ಅಲ್ಲಿ ತಕ್ಕಡಿಯ ನಿಯಮವೇ ಒಗಟಾಗಿದೆ. ಎರಿನ್ ಕ್ಯಾಟೊ ಅವರು ಎಲ್ಲರಿಗೂ ಮುಕ್ತವಾಗಿ ಕೊಟ್ಟ ‘ಬಾಕ್ಸ್೨ಡಿ’ ಎಂಬ ಭೌತಯಂತ್ರದ ಆಧಾರದಿಂದ ೨೦೦೯ರಲ್ಲಿ ‘ಆಂಗ್ರಿ ಬರ್ಡ್ಸ್’ ರಚಿತವಾಗಿ ಲೋಕಪ್ರಸಿದ್ಧಿ ಪಡೆಯಿತು.

ಈ ಘಟ್ಟದಲ್ಲಿ ವಿಶೇಷವಾಗಿ ಗಮನಿಸತಕ್ಕ ಪ್ರಬಂಧವೊಂದನ್ನು ಡೆನ್ಮಾರ್ಕಿನ ಥಾಮಸ್ ಯಾಕೊಬ್‌ಸೆನ್ ಅವರು ೨೦೦೧ರಲ್ಲಿ ಮಂಡಿಸಿದರು. ‘ಹಿಟ್‌ಮ್ಯಾನ್’ (೨೦೦೦) ಆಟದಲ್ಲಿ ಬಟ್ಟೆ, ಗಿಡ, ಕುಸಿದು ಬೀಳುವ ದೇಹ ಇವುಗಳನ್ನು ಚಲಿಸಿದ ಬಗೆಯನ್ನು ಅದು ವಿವರಿಸುತ್ತದೆ. ಅವರು ವೇಗವನ್ನು ಬೇರೆಯಾಗಿ ಇಟ್ಟುಕೊಳ್ಳಲಿಲ್ಲ. ವಸ್ತುವಿನ ಈಗಿನ ಸ್ಥಾನ, ಹಿಂದಿನ ಸ್ಥಾನ ಇವೆರಡೇ ಸಾಕು. ಇವುಗಳ ಅಂತರಕ್ಕೆ ಬಲದ ಫಲವನ್ನು ಕೂಡಿಸಿದರೆ ಮುಂದಿನ ಅಂತರ ದೊರೆಯುತ್ತದೆ. ಫ್ರೆಂಚ್ ವಿಜ್ಞಾನಿ ಲೂ ವೆರ್ಲೆ ಅವರು ೧೯೬೭ರಲ್ಲಿ ಅಣುಗಳ ಚಲನೆಗಾಗಿ ಬಳಸಿದ ಕ್ರಮವಿದು. ಹಿಂದಿನ ಅಂತರವನ್ನು ತಿದ್ದಿ ಮುಂದಿನ ಅಂತರವನ್ನು ಪಡೆಯುವ ಆರ್ಯಭಟೀಯದ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಾವು ಮೇಲೆ ಹೇಳಿದ ಸಾಮ್ಯ ಓದುಗರಿಗೆ ತಾನಾಗಿಯೇ ಮನದಟ್ಟಾಗುವುದು.

ಯಾಕೊಬ್‌ಸೆನ್ನರ ಬಟ್ಟೆಯನ್ನು ಅರಿಯಲು ಗಲಗಲಿಯ ಪಶ್ಚಿಮಕ್ಕಿರುವ ರಬಕವಿ-ಬನಹಟ್ಟಿಗಿಂತ ತಕ್ಕ ಸ್ಥಳವಿಲ್ಲ. ಈ ನೇಕಾರರ ಊರಿನಲ್ಲಿ ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು. ಬಟ್ಟೆಯನ್ನು ಹಾಸಿನ ದಿಕ್ಕಿನಲ್ಲಾಗಲಿ ಹೊಕ್ಕಿನ ದಿಕ್ಕಿನಲ್ಲಾಗಲಿ ಎಳೆದರೆ ಅದು ಹೆಚ್ಚು ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಮಡಿಚಿದರೆ ಸುಲಭವಾಗಿ ಮಡಿಚಿಕೊಳ್ಳುತ್ತದೆ. ನೇಕಾರನಿಗೆ ಕೈಯಿಂದಲೇ ತಿಳಿದಿರುವ ಈ ಮೂರು ಗುಣಗಳನ್ನು ಫ್ರಾನ್ಸಿನ ಕ್ಸಾವಿಯೇ ಪ್ರೊವೋ ಅವರು ೧೯೯೫ರ ಪ್ರಬಂಧದಲ್ಲಿ ಮೂರು ಬಗೆಯ ಸ್ಪ್ರಿಂಗುಗಳಾಗಿ ನಿರೂಪಿಸಿದರು. ಬಟ್ಟೆಯೆಂದರೆ ಚೌಕುಳಿಯಾಗಿ ಜೋಡಿಸಿದ ಬಿಂದುಗಳು. ನೆರೆಯ ಬಿಂದುಗಳ ನಡುವೆ ಒಂದು ಬಗೆ, ಕರ್ಣದಲ್ಲಿ ಒಂದು ಬಗೆ, ಒಂದು ಬಿಂದುವನ್ನು ಬಿಟ್ಟು ಮತ್ತೊಂದಕ್ಕೆ ಇನ್ನೊಂದು ಬಗೆ. ಯಾಕೊಬ್‌ಸೆನ್ನರು ಇದನ್ನು ಮತ್ತಷ್ಟು ಸರಳಗೊಳಿಸಿ, ನೆರೆಯ ಬಿಂದುಗಳ ನಡುವಿನ ದೂರ ಬದಲಾಗಕೂಡದೆಂಬ ಒಂದೇ ಕಟ್ಟಳೆಯನ್ನು ಇಟ್ಟುಕೊಂಡು, ಪ್ರತಿ ಹೆಜ್ಜೆಯಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸುತ್ತ ಹೋದರು. ನೂಲಿನ ಹುರಿ, ಗಂಜಿಯ ಬಿಗಿ, ರೇಷ್ಮೆ ಹತ್ತಿಗಳ ಭೇದ ಎಲ್ಲವೂ ಇಲ್ಲಿ ಬಿಟ್ಟುಹೋದವು. ಉಳಿದದ್ದು ಹಾಸುಹೊಕ್ಕಿನ ಚೌಕಟ್ಟು ಮಾತ್ರ. ಆದರೂ ತೆರೆಯ ಮೇಲೆ ಅದು ಬಟ್ಟೆಯಾಗಿಯೇ ಕಾಣುತ್ತದೆ.

೬

ಈ ಚರಿತ್ರೆಯಲ್ಲಿ ಕರ್ಣಾಟಕದ ಪಾತ್ರವೇನು? ವಿಡಿಯೋ ಆಟಗಳ ರಚನೆ ನಮ್ಮಲ್ಲಿ ಉದ್ಯಮರೂಪವನ್ನು ಪಡೆದುದು ೧೯೯೭ರಲ್ಲಿ, ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ. ಭಾರತದಲ್ಲಿಯೇ ಈ ಬಗೆಯ ಆದ್ಯ ಸಂಸ್ಥೆಗಳಲ್ಲಿ ಅದೊಂದು. ವಿದೇಶದ ದೊಡ್ಡ ಸಂಸ್ಥೆಗಳ ಆಟಗಳಿಗೆ ಚಿತ್ರರೂಪಗಳನ್ನು ಒದಗಿಸುವುದು ಕ್ರಮೇಣ ಅದರ ಮುಖ್ಯ ಕೆಲಸವಾಯಿತು. ಮೋಟಾರು ಪಂದ್ಯದ ‘ಫೋರ್ಜಾ’ ಶ್ರೇಣಿ, ‘ಸೀ ಆಫ್ ಥೀವ್ಸ್’ (೨೦೧೮), ‘ಡೇಸ್ ಗಾನ್’ (೨೦೧೯) ಮೊದಲಾದ ಆಟಗಳಿಗೆ ಅಲ್ಲಿಯ ಕಲಾಕಾರರು ದುಡಿದಿದ್ದಾರೆ. ೨೦೧೬ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. ೨೦೧೯ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿ, ಬೆಂಗಳೂರಿನಲ್ಲಿಯೇ ಇದ್ದ ಆ ಸಂಸ್ಥೆಯ ಶಾಖೆಯೊಡನೆ ಸೇರಿಹೋಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಟದಲ್ಲಿನ ವಾಹನಕ್ಕೆ ಎರಡು ದೇಹಗಳುಂಟು. ಒಂದು ಕಣ್ಣಿಗೆ ಕಾಣುವ ದೇಹ: ಹೊಳಪು, ಬಾಗು, ಗಾಜು, ಗೀರುಗಳಿಂದ ಕೂಡಿದುದು. ಮತ್ತೊಂದು ಕಾಣದ ದೇಹ: ಭೌತಯಂತ್ರವು ತಿಳಿಯುವ ಪೆಟ್ಟಿಗೆ, ಚಕ್ರ, ತೂಕ, ಟೈರಿನ ಹಿಡಿತ. ಮೊದಲನೆಯದನ್ನು ಕಡೆದವರಲ್ಲಿ ಬೆಂಗಳೂರಿನವರಿದ್ದರು. ‘ಫೋರ್ಜಾ’ದ ಎರಡನೆಯದನ್ನು ವಿಧಿಸಿದುದು ಅಮೆರಿಕದ ರೆಡ್ಮಂಡಿನ ಟರ್ನ್ ೧೦ ಸಂಸ್ಥೆ. ಆ ಕಾಲದ ನಮ್ಮ ಉದ್ಯಮದ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದ್ದಿತೆನ್ನಬಹುದು: ರೂಪ ಇಲ್ಲಿಯದು, ನಿಯಮ ಅಲ್ಲಿಯದು. ಇದು ಕಲಾಕಾರರ ಯೋಗ್ಯತೆಯ ಮೇಲೆ ಆಕ್ಷೇಪವಲ್ಲ. ಲಕ್ಷಾಂತರ ಜನ ಕಣ್ಣಾರೆ ಕಂಡದ್ದು ಅವರ ಕೆಲಸವನ್ನೇ. ಆದರೆ ಯಾವ ನಿಯಮವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವೇ ಈ ವಿದ್ಯೆಯ ಹೃದಯವೆಂದು ನಾವು ಒಪ್ಪುವುದಾದರೆ, ಆ ನಿರ್ಣಯವನ್ನು ಇಲ್ಲಿಯವರು ಮಾಡಿದ ಸಂದರ್ಭಗಳು ಯಾವುವು, ಮಾಡಲು ಅವಕಾಶವಿಲ್ಲದ ಸಂದರ್ಭಗಳು ಯಾವುವು ಎಂಬುದನ್ನು ಚರಿತ್ರಕಾರನು ವಿಚಾರಿಸಲೇಬೇಕು.

ಹೀಗೆ ವಿಚಾರಿಸಲು ಆಧಾರಗಳು ಬೇಕು. ಅಮೆರಿಕದ ವಿಡಿಯೋ ಆಟ ಚರಿತ್ರೆಯ ಪ್ರತಿಷ್ಠಾನವೊಂದು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕಿಂತ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಆಟಗಳ ಸ್ಥಿತಿಯೇ ಹೀಗಿರುವಲ್ಲಿ ಅವುಗಳ ಒಳಗಿನ ಕ್ರಮವಿಧಿಯ ಪಾಠಗಳ ಗತಿ ಹೇಳಬೇಕಾದುದಿಲ್ಲ. ‘ಟೆನಿಸ್ ಫಾರ್ ಟೂ’ವನ್ನು ೧೯೯೭ರಲ್ಲಿ ಮರಳಿ ಕಟ್ಟಲು ಸಾಧ್ಯವಾದುದು ಮೂಲ ನಕ್ಷೆಗಳು ಉಳಿದಿದ್ದುದರಿಂದ, ಸ್ಟೋರರನ ದೋಷ ತಿಳಿದುದು ಪಾಠ ಉಳಿದಿದ್ದುದರಿಂದ. ಒಪ್ಪಂದದ ಮೇಲೆ ದುಡಿದವರ ಕೆಲಸಕ್ಕೆ ಇಷ್ಟು ರಕ್ಷಣೆಯೂ ಇರುವುದಿಲ್ಲ. ಅವರು ಮಾಡಿದುದರ ಒಡೆತನ ಪರರದು, ಅವರಲ್ಲಿ ಉಳಿಯುವುದು ನೆನಪು ಮಾತ್ರ.

ಶಾಸನವನ್ನು ಕಲ್ಲಿನಿಂದಲೂ, ಲೆಕ್ಕವನ್ನು ಕಡತದಿಂದಲೂ ಓದಲು ಕಲಿತ ನಮ್ಮ ಇತಿಹಾಸ ವಿಭಾಗಗಳಿಗೆ ಕ್ರಮವಿಧಿಯ ಪಾಠವನ್ನು ಓದುವುದು ಅಸಾಧ್ಯವಾದುದೇನಲ್ಲ. ೧೯೯೭ರಿಂದ ಈಚೆಗೆ ಈ ಉದ್ಯಮದಲ್ಲಿ ದುಡಿದವರು ನಮ್ಮ ನಡುವೆ ಇದ್ದಾರೆ. ಅವರಿಂದ ಹೇಳಿಕೆಗಳನ್ನು ಬರೆದುಕೊಳ್ಳುವುದು, ಒಡೆಯರ ಅನುಮತಿಯಿಂದ ದೊರೆಯುವ ಪಾಠಗಳನ್ನೂ ಚಿತ್ರಗಳನ್ನೂ ಗ್ರಂಥಾಲಯಗಳಲ್ಲಿ ಇರಿಸುವುದು, ಇವು ಕೂಡಲೇ ಕೈಗೊಳ್ಳತಕ್ಕ ಕಾರ್ಯಗಳು. ಟಾರ್ಪೆಡೋವನ್ನು ಆಕರ್ಷಣದಿಂದ ಬಿಡುಗಡೆ ಮಾಡಿದ ಕಾರಣವು ನಮಗೆ ತಿಳಿದಿರುವುದು ಅದನ್ನು ಮಾಡಿದವರು ಹೇಳಿದುದರಿಂದ ಮತ್ತು ಅದನ್ನು ಕೇಳಿದವರು ಬರೆದಿಟ್ಟುದರಿಂದ. ಬೆಂಗಳೂರಿನಲ್ಲಿ ನಡೆದ ಇಂತಹ ನಿರ್ಣಯಗಳ ಕಾರಣಗಳನ್ನು ಬರೆದಿಡುವ ಹೊಣೆ ನಮ್ಮದು.